ಕೆಳಗೆ ಹೆಸರು, ಮೇಲೆ ಆಳಿಲ್ಲ

ನನಗೆ ಸಿಟ್ಟು ಬೇಗ. ಈಗಲೂ ಬೇಗ, ಆಗ ಇನ್ನೂ ಬೇಗ. ಚಿಂತಾಮಣಿಯ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಿದ್ದೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು, ಬೀದಿಗೊಂದು ಕಂಪ್ಯೂಟರ್ ಬೋರ್ಡು ಎದ್ದಿದ್ದ ಕಾಲ. ಉಳಿದವರೆಲ್ಲ ಟೈಪಿಂಗು, ಪ್ರಿಂಟು ಕಲಿಸುತ್ತಿದ್ದರೆ ನನಗೆ ವಿಷುಯಲ್ ಬೇಸಿಕ್‌ನಲ್ಲಿ ಪ್ರೋಗ್ರಾಮು ಬರೆಯಲು ಬರುತ್ತಿತ್ತು. ನೆಲದ ಮೇಲೆ ಕಾಲು ನಿಲ್ಲದಿರಲು ಅಷ್ಟೇ ಸಾಕಾಗಿತ್ತು. ನಾನು ಬರೆದದ್ದರಲ್ಲಿ ತಪ್ಪಿದೆ ಎಂದು ಯಾರಾದರೂ ಅಂದರೆ ಸರಿ, ಅವರ ಏಳು ಜನ್ಮದ ಜಾತಕ ಬಿಡಿಸಿಡುತ್ತಿದ್ದೆ. ಅಂಥ ನನ್ನ ಪ್ರೋಗ್ರಾಮು ಒಂದು ಬೆಳಿಗ್ಗೆ ಶಿಡ್ಲಘಟ್ಟದಲ್ಲಿ ಮಾಯವಾಯಿತು.

ಅದು ಓಡುತ್ತಿದ್ದುದು ಊರಾಚೆಯ ಒಂದು ಚಾಕಿ ಸೆಂಟರಿನಲ್ಲಿ. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದಾಗ ಕೂದಲಿನ ತುಂಡಿನಷ್ಟಿರುತ್ತದೆ. ಆ ಎಳೆಯ ಹುಳುಗಳನ್ನು ಎರಡನೇ ಜ್ವರ ಏಳುವವರೆಗೆ, ಅಂದರೆ ಎರಡು ಸಲ ಪೊರೆ ಕಳಚುವವರೆಗೆ ಸಾಕಿ, ಆಮೇಲೆ ರೈತರ ಕೈಗೆ ಕೊಡುವ ಜಾಗ ಅದು. ಬಾಣಂತಿ ಕೋಣೆಯ ಮಡಿ ಅಲ್ಲಿ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ಸುಣ್ಣ ಬ್ಲೀಚಿಂಗ್ ಪುಡಿ ಉದುರಿಸಿದ ಗೋಣಿಚೀಲ ತುಳಿದು ಒಳಗೆ ಹೋಗಬೇಕು. ಮಲ್ಲಿಗೆ ಮುಡಿದು ಬಂದವಳಿಗೂ ಬೀಡಿ ಸೇದಿ ಬಂದವನಿಗೂ ಒಂದೇ ಮರ್ಯಾದೆ, ಹೊರಗೇ ನಿಲ್ಲು ಅಂತ. ಹೊಗೆ, ಘಮಲು ಯಾವುದೂ ಎಳೆ ಹುಳುವಿಗೆ ಆಗಿಬರುವುದಿಲ್ಲ. ಹುಳುಮನೆಗೆ ಅಂಟಿಕೊಂಡ ಆಫೀಸು ರೂಮಿನಲ್ಲೂ ಊದುಬತ್ತಿ, ಕರ್ಪೂರ ಹಚ್ಚುವಂತಿರಲಿಲ್ಲ.

ಆ ಆಫೀಸಿನ ಕುರ್ಚಿಯಲ್ಲಿ ಕೂರುತ್ತಿದ್ದವಳು ನನ್ನ ವಿದ್ಯಾರ್ಥಿನಿ. ವಯಸ್ಸಿನಲ್ಲಿ ನನಗಿಂತ ದೊಡ್ಡವಳು, ಹಾಗಾಗಿ ನಾನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಮೇಡಂ ಅನ್ನುತ್ತಿದ್ದಳು. ಮೊದಲು ಅದೇ ಚಾಕಿ ಸೆಂಟರಿನಲ್ಲಿ ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಕೆಲಸದಲ್ಲಿದ್ದಳು. ಗಂಡ ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿದ್ದ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ. ಬೆಳಗಿನ ಸೊಪ್ಪು ಮುಗಿಸಿ, ಮಧ್ಯಾಹ್ನದ ಬಸ್ಸು ಹಿಡಿದು ಚಿಂತಾಮಣಿಗೆ ಬಂದು, ಸೊಪ್ಪಿನ ಕರೆ ಹತ್ತಿದ ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಕಲಿತಳು. ಅವಳ ಹಟ ನೋಡಿ ನನಗೇ ನಾಚಿಕೆಯಾಗುತ್ತಿತ್ತು. ಚಾಕಿ ಸೆಂಟರಿನ ಯಜಮಾನರು ಕಂಪ್ಯೂಟರು ತಂದಾಗ ಆ ಕುರ್ಚಿ ಅವಳಿಗೆ ಸಿಕ್ಕಿತು, ಪ್ರೋಗ್ರಾಮಿನ ಕೆಲಸ ಅವಳ ಬಾಯಿಂದ ನನಗೆ ಸಿಕ್ಕಿತು.

ಯಾವ ರೈತನ ಹುಳು ಯಾವಾಗ ಜ್ವರಕ್ಕೆ ಕೂತಿತು, ಯಾವಾಗ ಎದ್ದಿತು, ಯಾವತ್ತು ಒಯ್ಯಬೇಕು ಎಂಬುದನ್ನು ಇಟ್ಟುಕೊಂಡು, ಒಯ್ಯುವ ಬೆಳಿಗ್ಗೆ ಚೀಟಿ ಹೊಡೆದು ಕೊಡುವುದು ನನ್ನ ಪ್ರೋಗ್ರಾಮಿನ ಕೆಲಸ. ಬಿಸಿಲೇರುವ ಮೊದಲು ಹುಳು ಊರು ಸೇರಬೇಕು. ಆದ್ದರಿಂದ ಬೆಳಿಗ್ಗೆ ಹೊತ್ತಿಗೆ ಟೆಂಪೋ, ಆಟೋ, ಬೈಕು ಎಲ್ಲ ಬಾಗಿಲಲ್ಲಿ ನಿಂತು ಹಾರನ್ನು ಹೊಡೆಯುತ್ತಿರುತ್ತಿದ್ದವು. ಶುರುವಿನ ವಾರಗಳಲ್ಲಿ ಒಂದು ದಿನವೂ ತಕರಾರು ಬರಲಿಲ್ಲ. ನಾನು ಎರಡೂ ಭುಜ ತಟ್ಟಿಕೊಂಡು ಓಡಾಡುತ್ತಿದ್ದೆ.

ಆಮೇಲೆ ಒಂದು ಬೆಳಿಗ್ಗೆ ನಮ್ಮ ಸೆಂಟರಿಗೆ ಫೋನು ಬಂತು.

"ಮೇಡಂ, ನಿಮ್ ಪ್ರೋಗ್ರಾಮ್ ಬರ್ತಾ ಇಲ್ಲ," ಅಂದಳು ಅಕ್ಕ. ಹಿಂದುಗಡೆ ಹಾರನ್ನುಗಳ ಗಲಾಟೆ.

"ಎರರ್ ಏನು ತೋರಿಸ್ತಾ ಇದೆ?"

"ಎರರ್ರೂ ಬರ್ತಾ ಇಲ್ಲ ಮೇಡಂ. ಏನೂ ಬರ್ತಾ ಇಲ್ಲ. ಕೆಳಗಡೆ ಪಟ್ಟೀಲಿ ಹೆಸರು ಮಾತ್ರ ಕೂತೈತೆ. ಒತ್ತಿದ್ರೆ ಅಲ್ಲಾಡಲ್ಲ."

ಹೋಗಿ ನೋಡಿದೆ. ಅವಳು ಹೇಳಿದ್ದು ನಿಜ. ಐಕಾನಿನ ಮೇಲೆ ಎರಡು ಸಲ ಒತ್ತಿದರೆ ಮರಳು ಗಡಿಯಾರ ತಿರುಗುತ್ತದೆ, ಕೆಳಗಿನ ಪಟ್ಟಿಯಲ್ಲಿ ಪ್ರೋಗ್ರಾಮಿನ ಹೆಸರು ಬಂದು ಕೂರುತ್ತದೆ, ಅಲ್ಲಿಗೆ ಮುಗಿಯಿತು. ಪರದೆಯ ಮೇಲೆ ನನ್ನ ಪ್ರೋಗ್ರಾಮಿನ ಕಿಟಕಿಯಿಲ್ಲ. ಇದ್ದವನು ತಿರುಪತಿ ತಿಮ್ಮಪ್ಪ, ಪರದೆ ತುಂಬ, ದೊಡ್ಡ ನಾಮ, ಹೂವಿನ ಹಾರ. ಯಜಮಾನರು ಯಾರೋ ಸ್ಟುಡಿಯೋದವರ ಕೈಲಿ ಹಾಕಿಸಿದ್ದರಂತೆ, ಹೊಸದಾಗಿ. ಅಭ್ಯಾಸಬಲದಿಂದ ನಾನೂ ಕೆನ್ನೆ ಮುಟ್ಟಿಕೊಂಡೆ.

ಯಜಮಾನರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ದಪ್ಪ ಮೀಸೆ, ಬಿಳಿ ಪಂಚೆ, ಗಟ್ಟಿ ಗಂಟಲು.

"ಏನಮ್ಮಾ ಮೇಡಂ," ಅಂದರು, "ಕೆಳಗೆ ಹೆಸರೈತೆ, ಮೇಲೆ ಆಳೇ ಇಲ್ವಲ್ಲಮ್ಮಾ? ಕೂಲಿಗೆ ಹೆಸರು ಬರೆಸಿ ಮನೇಲಿ ಮಲಗಿರೋರ ಥರಾ ಆಯ್ತಲ್ಲ!"

ಹೊರಗೆ ನಿಂತಿದ್ದ ರೈತರು ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಪ್ರೋಗ್ರಾಮನ್ನು ಪೂರ್ತಿ ಕಿತ್ತುಹಾಕಿ, ಸೀಡಿಯಿಂದ ಮತ್ತೆ ಹಾಕಿದೆ. ಒತ್ತಿದ ಕೂಡಲೇ ಕಿಟಕಿ ಪಟ್ಟನೆ ಬಂದು ನಿಂತಿತು. ಚೀಟಿಗಳು ಹೊರಬಂದವು. ಗೆದ್ದೆ ಎಂದುಕೊಂಡು ಚಿಂತಾಮಣಿಯ ಬಸ್ಸು ಹತ್ತಿದೆ.

ಮಾರನೇ ಬೆಳಿಗ್ಗೆ ಮತ್ತೆ ಫೋನು. ಮತ್ತೆ ಹೆಸರಿದೆ, ಆಳಿಲ್ಲ.

ಆಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ. ಮೊದಲು ಕರೆಂಟಿನ ಮೇಲೆ ಅನುಮಾನ ಬಂತು. ನಮ್ಮ ಕಡೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಯುಪಿಎಸ್ ತೆಗೆದು ಬೇರೆಯದು ಹಾಕಿಸಿದೆ. ಅದೂ ಅಲ್ಲ. ವೈರಸ್ಸು ಅಂದುಕೊಂಡು ಇಡೀ ಕಂಪ್ಯೂಟರು ಜಾಲಾಡಿಸಿದೆ. ಏನೂ ಸಿಗಲಿಲ್ಲ. ಪರದೆಯ ಅಳತೆ ಯಾರಾದರೂ ಬದಲಿಸಿದರೇ ಎಂದು ನೋಡಿದೆ, ಇದ್ದಂತೆಯೇ ಇತ್ತು. ಪ್ರತಿ ಸಲವೂ ನಾನು ಹೋಗಿ ಮತ್ತೆ ಹಾಕಿದರೆ ಸಂಜೆಯವರೆಗೂ ಚಿನ್ನದಂಥ ಪ್ರೋಗ್ರಾಮು. ಬೆಳಗಾದರೆ ಮಾಯ. ಕೊನೆಗೆ ಸೀಡಿಯನ್ನು ಅಕ್ಕನ ಕೈಗೇ ಕೊಟ್ಟು, ಮತ್ತೆ ಹಾಕುವುದನ್ನು ಕಲಿಸಿ ಬಂದೆ. ಆದರೆ ಅದನ್ನು ಮಾಡುವಷ್ಟರಲ್ಲಿ ಬಿಸಿಲೇರುತ್ತಿತ್ತು, ರೈತರ ಬಾಯಿಯೂ ಏರುತ್ತಿತ್ತು.

ಪ್ರೋಗ್ರಾಮು ಏಳುವಾಗ ಎಲ್ಲಿ ಎಡವುತ್ತದೆ ಎಂದು ತಿಳಿಯಲು ನಾನೊಂದು ಉಪಾಯ ಮಾಡಿದೆ. ಏಳುವ ದಾರಿಯುದ್ದಕ್ಕೂ, ಹೆಜ್ಜೆಗೊಂದರಂತೆ, ಪುಟ್ಟ ಪೆಟ್ಟಿಗೆಯಲ್ಲಿ ಒಂದೊಂದು ಮಾತು ತೋರಿಸುವ ಸಾಲು ಸೇರಿಸಿದೆ. "ಎದ್ದೆ." "ರೈತರ ವಿವರ ತಂದೆ." "ಗುಂಡಿಗಳನ್ನು ಜೋಡಿಸಿದೆ." "ಬಂದೆ." ಯಾವ ಮಾತಿಗೆ ನಿಲ್ಲುತ್ತದೋ ಅಲ್ಲಿ ಕೆಟ್ಟಿದೆ ಎಂದು ಲೆಕ್ಕ. ಅದನ್ನು ಶಿಡ್ಲಘಟ್ಟದಲ್ಲಿ ಹಾಕಿ ಬಂದು, ಮಾರನೇ ದಿನ ಮೊದಲ ಬಸ್ಸಿಗೆ ಹೋಗಿ ಕೂತೆ. ಎದ್ದೆ ಅಂತು. ವಿವರ ತಂದೆ ಅಂತು. ಗುಂಡಿ ಜೋಡಿಸಿದೆ ಅಂತು. ಕೊನೆಗೆ ಬಂದೆ ಅಂತಲೂ ಅಂತು. ಎಲ್ಲಿಗೆ ಬಂದೆಯೋ ಹಾಳಾದವನೇ! ಪರದೆಯ ಮೇಲೆ ತಿಮ್ಮಪ್ಪನ ಹೊರತು ಯಾರೂ ಇಲ್ಲ.

"ಬಂದೆ ಅಂತೈತಲ್ಲಮ್ಮಾ," ಅಂದರು ಯಜಮಾನರು, ಗಲ್ಲ ಉಜ್ಜಿಕೊಳ್ಳುತ್ತಾ. "ನಮಗ್ಯಾಕೆ ಕಾಣ್ಸಲ್ಲ?"

ಆ ಮಾತಿನಲ್ಲೇ ಉತ್ತರ ಇತ್ತು. ನನಗೆ ಆಗ ಅದು ಕೊಂಕಾಗಿ ಮಾತ್ರ ಕೇಳಿಸಿತು. ಏನೋ ಉಗಿದೆ. ಅವರೂ ಬಿಡಲಿಲ್ಲ. ಅಷ್ಟು ದಿನ ಮನಸ್ಸಿನಲ್ಲಿಟ್ಟುಕೊಂಡಿದ್ದನ್ನು ಎಲ್ಲರೆದುರೇ ಅಂದುಬಿಟ್ಟರು.

"ನಿಮ್ ಪ್ರೋಗ್ರಾಮ್‌ನ ನಾನ್ ಅನ್ನಲ್ಲಮ್ಮಾ. ನೀವ್ ಮುಟ್ಟಿದ್ರೆ ಬರುತ್ತೆ, ಅದನ್ನ ಕಣ್ಣಾರೆ ನೋಡಿದೀನಿ. ಈಯಮ್ಮನ ಕೈಗುಣ ಸರಿಯಿಲ್ಲ. ಹೊಸಾ ಬ್ಯಾಚು ಮೊಟ್ಟೆ ಒಡೆಯೋದ್ರೊಳಗೆ ಇದು ಸರಿಹೋದ್ರೆ ಸರಿ. ಇಲ್ದಿದ್ರೆ ಹುಳು ಇರೋ ಕಡೆ ಈಯಮ್ಮ ಕಾಲಿಡೋದು ಬ್ಯಾಡ."

ಬೇರೆ ಊರಿನವರಿಗೆ ಇದು ಒಂದು ಬೈಗುಳ ಅನ್ನಿಸಬಹುದು, ಅಷ್ಟೆ. ರೇಷ್ಮೆ ಸಾಕುವವರ ನಡುವೆ ಹುಟ್ಟಿ ಬೆಳೆದವರಿಗೆ ಗೊತ್ತು ಅದರ ಪೆಟ್ಟು. ಎಳೆ ಹುಳುವಿಗೆ ಮೊದಲ ಸೊಪ್ಪು ಹಾಕುವುದಕ್ಕೆ ಇಂಥವರ ಕೈಯೇ ಆಗಬೇಕು ಎಂದು ಹುಡುಕಿ ಕರೆದುಕೊಂಡು ಹೋಗುವ ಊರು ಅದು. ಕೈಗುಣ ಸರಿಯಿಲ್ಲ ಎಂದು ಒಬ್ಬ ಯಜಮಾನ ಒಂದು ಸಲ ಅಂದರೆ, ಆ ಹೆಂಗಸಿಗೆ ಸುತ್ತಮುತ್ತ ಯಾವ ಹುಳುಮನೆಯಲ್ಲೂ ಸೊಪ್ಪು ಕತ್ತರಿಸುವ ಕೆಲಸವೂ ಸಿಗುವುದಿಲ್ಲ. ಕಂಪ್ಯೂಟರಿನ ಕುರ್ಚಿಯ ಮಾತು ಹಾಗಿರಲಿ, ಅವಳ ಬದುಕೇ ಆ ಸೊಪ್ಪಿನಲ್ಲಿತ್ತು. ಜೊತೆಯ ಹೆಂಗಸರು ಆಗಲೇ ಅವಳು ಹುಳುವಿನ ತಟ್ಟೆಗೆ ಕೈಹಾಕಿದರೆ "ಇರಲಿ ಬಿಡಕ್ಕಾ, ನಾವು ಎತ್ಕೋತೀವಿ" ಅನ್ನತೊಡಗಿದ್ದರು.

ಅಕ್ಕ ಅಳಲಿಲ್ಲ. ತಲೆ ತಗ್ಗಿಸಿ ಪ್ರಿಂಟರಿನ ಹಾಳೆ ನೇರ ಮಾಡುತ್ತಿದ್ದಳು. ಇಷ್ಟು ದಿನ ಇದು ನನ್ನ ಮರ್ಯಾದೆಯ ಪ್ರಶ್ನೆಯಾಗಿತ್ತು. ಆ ಕ್ಷಣದಿಂದ ನನ್ನ ಮರ್ಯಾದೆ ಹಾಳುಬಿದ್ದು ಹೋಗಲಿ ಅನ್ನಿಸಿತು. ಈ ಹೆಂಗಸಿನ ಕೈಗೆ ಹತ್ತಿದ ಕೆಟ್ಟ ಹೆಸರನ್ನು ತೊಳೆಯದೆ ನಾನು ಬಿಡುವವಳಲ್ಲ ಎಂದು ಅಲ್ಲೇ ಹಟ ತೊಟ್ಟೆ.

ರೈತರೆಲ್ಲ ಹೋದ ಮೇಲೆ ಅವಳನ್ನು ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದೆ.

"ಅಕ್ಕ, ಚೆನ್ನಾಗಿ ಜ್ಞಾಪಿಸ್ಕೋ. ದಿನಾ ಬೆಳಿಗ್ಗೆ ಕೆಡುತ್ತಾ? ಒಂದು ದಿನವಾದ್ರೂ ತಾನೇ ತಾನಾಗಿ ಬಂದಿದ್ದು ಉಂಟಾ?"

ಅವಳು ಸೆರಗಿನ ತುದಿ ಸುತ್ತುತ್ತಾ ಯೋಚಿಸಿದಳು. "ಬಂದೈತೆ ಮೇಡಂ. ಯಜಮಾನ್ರು ತೊಂಡೇಬಾವಿ ಮದುವೆಗೆ ಹೋಗಿದ್ರಲ್ಲ, ಅದರ ಮಾರನೇ ದಿನ ಬಂತು. ಗೌರಿಬಿದನೂರ್ ಮೇಲೆ ಹೋಗ್ತೀನಿ ಅಂದ್ರು, ನಮ್ಮನೆಯವರಿಗೆ ಚಟ್ನಿಪುಡಿ ಕೊಟ್ ಕಳಿಸಿದ್ದೆ. ಅದಕ್ಕೇ ಜ್ಞಾಪಕ ಐತೆ."

"ಇನ್ನೊಂದು?"

"ಚಿಕ್ಕಬಳ್ಳಾಪುರದಾಗೆ ಅವರ ಮಗಳ ಮನೇಲಿ ಉಳ್ಕೊಂಡಿದ್ರು ನೋಡಿ, ಆವಾಗ್ಲೂ ಬಂತು."

ನಾನು ನಿಂತಲ್ಲೇ ನೆಗೆದೆ. "ಅಂದ್ರೆ ಅವರಿಲ್ಲದ ದಿನ ಸರಿಯಾಗಿರುತ್ತೆ! ಅವರಿದ್ದ ದಿನಾನೇ ಕೆಡೋದು!"

"ಅಯ್ಯಯ್ಯೋ, ಮೆತ್ತಗೆ ಮೇಡಂ!" ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು. "ಯಾರಾದ್ರೂ ಕೇಳಿಸ್ಕೊಂಡ್ರೆ ನನ್ ಕಥೆ ಇವತ್ತೇ ಮುಗೀತು."

ಅವಳ ಮಾತಿನ ಅರ್ಥ ಆಯಿತು. ಆದರೆ ನನಗೆ ಈಗ ಒಂದು ದಾರಿ ಸಿಕ್ಕಿತ್ತು. ನಾನು ಯಾವಾಗಲೂ ಬೆಳಗಿನ ಹೊತ್ತು ಬಂದು, ಏಳದೆ ಇರುವುದನ್ನು ಏಳಿಸಿ ಹೋಗುತ್ತಿದ್ದೆ. ಅದು ಮಲಗುವುದು ಹೇಗೆ ಎಂದು ಒಂದು ದಿನವೂ ನೋಡಿರಲಿಲ್ಲ. ಯಜಮಾನರ ಹತ್ತಿರ ಹೋಗಿ, ಇವತ್ತು ಮುಚ್ಚುವವರೆಗೂ ಇದ್ದು ಹೋಗುತ್ತೇನೆ ಅಂದೆ. "ಇರಮ್ಮ, ನಿಮ್ದೇ ಆಫೀಸು," ಅಂದರು. ನಾಳೆ ಬೆಳಿಗ್ಗೆಗೆ ಹೊಸ ಮೊಟ್ಟೆ ಒಡೆಯುತ್ತವೆ ಎಂಬುದನ್ನೂ ನೆನಪಿಸಿದರು. ಅಂದರೆ ಅಕ್ಕನಿಗೆ ಉಳಿದಿದ್ದು ಅದೊಂದು ಸಂಜೆ.

ಇಡೀ ದಿನ ಪ್ರೋಗ್ರಾಮು ಯಾವ ತಂಟೆಯೂ ಇಲ್ಲದೆ ಓಡಿತು. ದೀಪ ಹಚ್ಚುವ ಹೊತ್ತಾಯಿತು. ಯಜಮಾನರು ನಲ್ಲಿಯಲ್ಲಿ ಕೈಕಾಲು ತೊಳೆದು, ಮುಖ ಒರೆಸಿಕೊಂಡು ಆಫೀಸಿನೊಳಗೆ ಬಂದರು. ಅಕ್ಕ ಎದ್ದು ಕುರ್ಚಿ ಹಿಂದಕ್ಕೆಳೆದು ಪಕ್ಕಕ್ಕೆ ನಿಂತಳು. ಅಂಗಡಿ ಬೀಗ ಹೇಗೆ ಯಜಮಾನನ ಕೈಲೇ ಬೀಳಬೇಕೋ ಹಾಗೆ ಕಂಪ್ಯೂಟರನ್ನೂ ಸಂಜೆ ಅವರೇ ಮುಚ್ಚುವುದು ಅಲ್ಲಿನ ಪದ್ಧತಿ ಎಂದು ಆಗಲೇ ನನಗೆ ತಿಳಿದದ್ದು. ಅವರು ಕೂರಲಿಲ್ಲ. ನಿಂತೇ ಮೌಸು ಹಿಡಿದರು. ನನ್ನ ಕಿಟಕಿಯ ಮೂಲೆಯಲ್ಲಿದ್ದ ಸಣ್ಣ ಅಡ್ಡಗೆರೆಯನ್ನು ಒತ್ತಿದರು. ಕಿಟಕಿ ಸರ್ರನೆ ಕೆಳಗಿನ ಪಟ್ಟಿಗೆ ಇಳಿಯಿತು. ಪರದೆ ತುಂಬ ತಿಮ್ಮಪ್ಪ ಬಂದ.

ಯಜಮಾನರು ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಅಂದುಕೊಂಡರು. ಊದುಬತ್ತಿಯಿಲ್ಲ, ಕರ್ಪೂರವಿಲ್ಲ, ಹೂವಿಲ್ಲ; ಹುಳುವಿಗೆ ಆಗದ್ದು ಯಾವುದೂ ಇಲ್ಲದ ದೇವರು ಅದೊಂದೇ ಆ ಸೆಂಟರಿನಲ್ಲಿ. ಆ ಮುಖದ ಮೇಲೆ ರೈತರ ಲೆಕ್ಕದ ಕಿಟಕಿ ಅಡ್ಡ ಇಟ್ಟುಕೊಂಡು ದಿನ ಮುಗಿಸಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ನಮಸ್ಕಾರ ಮುಗಿಸಿ, ಕಿಟಕಿಯನ್ನು ಮೇಲೆ ಕರೆಯದೆ, ಹಾಗೆಯೇ ಕಂಪ್ಯೂಟರನ್ನು ಆರಿಸಿಬಿಟ್ಟರು.

"ಸಾರ್! ಒಂದ್ನಿಮಿಷ! ಮತ್ತೆ ಹಚ್ಚಿ!" ಎಂದು ಕೂಗಿದೆ.

"ಮುಚ್ಚಿದ್ಮೇಲೆ ತೆಗಿಯೋದಿಲ್ಲಮ್ಮ," ಅಂದರು ಅವರು, ಸಮಾಧಾನವಾಗಿ. "ದೇವರಿಗೆ ಕೈಮುಗಿದಾಯ್ತು. ಇನ್ನ ನಾಳೆಗೇ."

ಎಷ್ಟು ಗೋಗರೆದರೂ ಜಗ್ಗಲಿಲ್ಲ. ಬೀಗ ಬಿತ್ತು. ಬಸ್‌ಸ್ಟಾಂಡಿಗೆ ಓಡಿದೆ. ಚಿಂತಾಮಣಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಗಾಳಿಗೆ ಕಣ್ಣು ಮುಚ್ಚಿ, ನಾನು ಬರೆದಿದ್ದ ಸಾಲುಗಳನ್ನು ಒಂದೊಂದಾಗಿ ಮನಸ್ಸಿನಲ್ಲಿ ಓದುತ್ತಾ ಹೋದೆ. ಅರ್ಧ ದಾರಿಗೆ ಬರುವಷ್ಟರಲ್ಲಿ ಬೆನ್ನು ನೆಟ್ಟಗಾಯಿತು. ನನ್ನ ಪ್ರೋಗ್ರಾಮಿಗೆ ನಾನೊಂದು ಒಯ್ಯಾರ ಕಲಿಸಿದ್ದೆ. ಮುಚ್ಚುವಾಗ ಪರದೆಯ ಮೇಲೆ ಎಲ್ಲಿ ನಿಂತಿತ್ತೋ ಆ ಜಾಗವನ್ನು ಗುರುತಿಟ್ಟುಕೊಂಡು, ಮುಂದಿನ ಸಲ ತೆರೆದಾಗ ನೆಟ್ಟಗೆ ಅಲ್ಲಿಗೇ ಬಂದು ನಿಲ್ಲಬೇಕು. ಮೂಲೆಯಲ್ಲಿದ್ದರೆ ಮೂಲೆಗೆ, ನಡುವೆ ಇದ್ದರೆ ನಡುವಿಗೆ. ಆದರೆ ಕಿಟಕಿಯನ್ನು ಕೆಳಗಿನ ಪಟ್ಟಿಗೆ ಇಳಿಸಿದಾಗ ಕಂಪ್ಯೂಟರು ಅದನ್ನು ಎಲ್ಲಿಡುತ್ತದೆ? ನಮ್ಮ ಕಣ್ಣಿಗೆ ಪಟ್ಟಿಯಲ್ಲಿ ಹೆಸರು ಕಾಣುತ್ತದೆ. ನಿಜವಾದ ಕಿಟಕಿಯನ್ನು ಅದು ಪರದೆಯ ಎಡಗಡೆ, ಅಂಚಿನಾಚೆ ಎಲ್ಲೋ ಬಹುದೂರ ತಳ್ಳಿ ಇಟ್ಟಿರುತ್ತದೆ. ಆ ಸ್ಥಿತಿಯಲ್ಲೇ ಮುಚ್ಚಿದರೆ ನನ್ನ ಪ್ರೋಗ್ರಾಮು ಗುರುತಿಟ್ಟುಕೊಳ್ಳುವುದು ಆ ದೂರದ ಜಾಗವನ್ನೇ. ಬೆಳಿಗ್ಗೆ ವಿಧೇಯವಾಗಿ ಎದ್ದು, ಹೋಗಿ ಅಲ್ಲೇ ನಿಲ್ಲುತ್ತದೆ. ಅದು ಬಂದೆ ಅಂದದ್ದು ಸುಳ್ಳಲ್ಲ. ಬಂದಿತ್ತು, ಪರದೆಯ ಹೊರಗೆ! ಕಿತ್ತು ಮತ್ತೆ ಹಾಕಿದಾಗ ಆ ಗುರುತು ಅಳಿಸಿಹೋಗುತ್ತಿತ್ತು, ಅದಕ್ಕೇ ಅವತ್ತಿನ ಮಟ್ಟಿಗೆ ಸರಿಹೋಗುತ್ತಿತ್ತು.

ಅಕ್ಕ ಒಬ್ಬಳೇ ಮುಚ್ಚಿದ ದಿನ ನಾನು ಕಲಿಸಿದಂತೆ ಮೊದಲು ಪ್ರೋಗ್ರಾಮು, ಆಮೇಲೆ ಕಂಪ್ಯೂಟರು ಮುಚ್ಚುತ್ತಿದ್ದಳು. ಅದಕ್ಕೇ ಅದು ಸರಿಯಿರುತ್ತಿತ್ತು. ಅವಳ ಕೈ ಬಂಗಾರದಂಥ ಕೈ.

ನಮ್ಮ ಸೆಂಟರಿನಲ್ಲಿ ಸಂಜೆ ಬ್ಯಾಚಿನವರು ಇನ್ನೂ ಕೂತಿದ್ದರು. ಬ್ಯಾಗು ಹೆಗಲಿಂದ ಇಳಿಸದೆಯೇ ಒಂದು ಕಂಪ್ಯೂಟರಿನ ಮುಂದೆ ನಿಂತೆ. ಪ್ರೋಗ್ರಾಮು ತೆರೆದು ಕೆಳಗಿಳಿಸಿದೆ. ಅದೇ ಸ್ಥಿತಿಯಲ್ಲಿ ಕಂಪ್ಯೂಟರು ಆರಿಸಿ, ಮತ್ತೆ ಹಚ್ಚಿದೆ. ಅದು ಏಳುವಷ್ಟು ಹೊತ್ತೂ ಉಗುರು ಕಚ್ಚುತ್ತಾ ನಿಂತಿದ್ದೆ. ಐಕಾನು ಒತ್ತಿದೆ. ಎದ್ದೆ, ವಿವರ ತಂದೆ, ಗುಂಡಿ ಜೋಡಿಸಿದೆ, ಬಂದೆ. ಕೆಳಗೆ ಹೆಸರು. ಮೇಲೆ ಆಳಿಲ್ಲ!

"ದೊರಿಕಿಂದಿ! ಸಿಕ್ತು!" ಎಂದು ಕಿರುಚಿದೆ. ಸಂತೋಷ ಹೆಚ್ಚಾದರೆ ನನಗೆ ತೆಲುಗೇ ಬರುವುದು, ಚಿಂತಾಮಣಿಯವರೆಲ್ಲ ಹಾಗೆಯೇ. ಕೆಟ್ಟುಹೋದದ್ದನ್ನು ನೋಡಿ ಹೀಗೆ ಕುಣಿಯುವ ಮೇಡಮ್ಮನನ್ನು ಮಕ್ಕಳು ಅದೇ ಮೊದಲು ನೋಡಿದ್ದು. ನನ್ನ ಕುಣಿತ ಅವರಿಗೇನು ಗೊತ್ತು! ಅಷ್ಟು ದಿನ ಶಿಡ್ಲಘಟ್ಟದಲ್ಲಿ ಮಾತ್ರ ಕೆಡುತ್ತಿದ್ದದ್ದು ನನ್ನ ಕಣ್ಣೆದುರು, ನನ್ನ ಕೈಯಲ್ಲಿ, ನಾನು ಬೇಕೆಂದಾಗ ಕೆಟ್ಟಿತ್ತು. ಬೇಕೆಂದಾಗ ಕೆಡಿಸಲು ಬಂದರೆ ಅರ್ಧ ಗೆದ್ದಂತೆ. ಉಳಿದರ್ಧ ಸುಲಭದ್ದು. ಕೆಳಗಿಳಿದಿರುವಾಗ ಜಾಗದ ಗುರುತು ಇಟ್ಟುಕೊಳ್ಳಬೇಡ ಎಂದು ಒಂದು ಸಾಲು ಬರೆದೆ. ತೆರೆಯುವಾಗ ಗುರುತಿನ ಜಾಗ ಪರದೆಯ ಹೊರಗಿದ್ದರೆ ಎಳೆದು ತಂದು ನಡುವೆ ನಿಲ್ಲಿಸು ಎಂದು ಇನ್ನೂ ಕೆಲವು. ಹೊಸ ಸೀಡಿ ಬರೆದುಕೊಂಡೆ.

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಬಾಗಿಲಲ್ಲಿ ಆಗಲೇ ಟೆಂಪೋಗಳು. ಒಳಗೆ ಹುಳುಮನೆಯಲ್ಲಿ ಗಡಿಬಿಡಿ, ಹೊಸ ಮೊಟ್ಟೆಗಳು ಒಡೆದಿದ್ದವು. ಅಕ್ಕ ಆಫೀಸಿನ ಹೊಸ್ತಿಲಾಚೆ ನಿಂತಿದ್ದಳು, ಒಳಗೆ ಬರಲೋ ಬೇಡವೋ ಎನ್ನುವಂತೆ. ಯಜಮಾನರು ಕಂಪ್ಯೂಟರು ಹಚ್ಚಿಸಿ ನೋಡಿದ್ದರು. ನಿನ್ನೆಯ ಹಾಗೇ.

"ಆಯ್ತಲ್ಲಮ್ಮಾ. ನೋಡಿದ್ರಲ್ಲ," ಅಂದರು.

ಹೊಸ ಸೀಡಿ ಹಾಕಿ ಸರಿಮಾಡಿ ಸುಮ್ಮನೆ ಹೋಗಬಹುದಿತ್ತು. ನನ್ನ ಸಿಟ್ಟು ಬಿಡಬೇಕಲ್ಲ! ಸರಿಹೋದರೆ ನನಗೆ ಹೆಸರು ಬರುತ್ತಿತ್ತು, ಅಕ್ಕನ ಕೈಗೆ ಹತ್ತಿದ್ದು ಹಾಗೆಯೇ ಉಳಿಯುತ್ತಿತ್ತು. ಎಲ್ಲರೂ ಬನ್ನಿ ಎಂದು ರೈತರನ್ನೂ ಸೊಪ್ಪಿನ ಹೆಂಗಸರನ್ನೂ ಬಾಗಿಲಿಗೆ ಕರೆದೆ. ಹಳೆಯ ಸೀಡಿಯಿಂದಲೇ ಮತ್ತೆ ಹಾಕಿದೆ, ಕಿಟಕಿ ಬಂತು.

"ಅಕ್ಕ, ಬಾ ಇಲ್ಲಿ. ಸಾರ್ ಇಲ್ಲದ ದಿನ ನೀನು ಹೆಂಗೆ ಮುಚ್ತೀಯೋ ಹಂಗೆ ಮುಚ್ಚು."

"ಬೆಳಿಗ್ಗೆ ಬೆಳಿಗ್ಗೆನೇ ಮುಚ್ಚೋದೇನಮ್ಮ?" ಅಂದರು ಯಜಮಾನರು, ಮುಖ ಸಿಂಡರಿಸಿ.

"ಮುಚ್ಚೋದಲ್ಲ ಸಾರ್, ರೀಸ್ಟಾರ್ಟು. ತಾನೇ ಮಲಗಿ ತಾನೇ ಏಳುತ್ತೆ. ಅದಕ್ಕೆ ದೋಷ ಇಲ್ಲ."

ಅದು ಅವರಿಗೆ ಒಪ್ಪಿಗೆಯಾಯಿತು. ಅಕ್ಕ ಪ್ರೋಗ್ರಾಮು ಮುಚ್ಚಿ, ಕಂಪ್ಯೂಟರನ್ನು ಮತ್ತೆ ಏಳಿಸಿದಳು. ಐಕಾನು ಒತ್ತಿದಳು. ಕಿಟಕಿ ಬಂತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಈಗ ನೀವು ಸಾರ್. ಸಂಜೆ ಹೆಂಗೆ ಮಾಡ್ತೀರೋ ಹಂಗೇ. ಕೈಮುಗಿಯೋದು ಮರೀಬೇಡಿ."

ಅವರು ಅನುಮಾನದಿಂದ ನನ್ನನ್ನು ನೋಡುತ್ತಲೇ ಕಿಟಕಿ ಕೆಳಗಿಳಿಸಿದರು, ತಿಮ್ಮಪ್ಪನಿಗೆ ಕೈಮುಗಿದರು, ರೀಸ್ಟಾರ್ಟು ಒತ್ತಿದರು. ಕಂಪ್ಯೂಟರು ಎದ್ದಿತು. ಐಕಾನನ್ನೂ ಅವರೇ ಒತ್ತಿದರು. ಕೆಳಗೆ ಹೆಸರು ಬಂತು. ಮೇಲೆ ತಿಮ್ಮಪ್ಪ ಒಬ್ಬನೇ.

ಹಿಂದಿನಿಂದ ಒಬ್ಬ ಮುದುಕ, ಪಾತಪಾಳ್ಯದ ಕಡೆಯ ರೈತ, ದೊಡ್ಡದಾಗಿ ಅಂದ: "ಏಮಯ್ಯಾ, ಕೈಗುಣ ಅಂದ್ರೆ ನಿಮ್ದಾ!"

ನಗು ಸಿಡಿಯಿತು. ಯಜಮಾನರ ಮೀಸೆ ಅದುರಿತು. ಪರದೆಯ ಕಡೆ ನೋಡಿ, ನನ್ನ ಕಡೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು, "ಅಂಗಾದ್ರೆ ನಾನು ದೇವರಿಗೆ ಕೈಮುಗಿದಿದ್ದಕ್ಕೆ ಕೆಡ್ತಾ ಇತ್ತಾ ಅಮ್ಮಾ?"

ಆ ಪ್ರಶ್ನೆಯಲ್ಲಿ ನಿಜವಾದ ಭಯವಿತ್ತು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

"ಇಲ್ಲ ಸಾರ್. ದೇವರ ಮುಂದಿಂದ ಸರಿದು ನಿಂತಾಗ, ಸರಿದ ಜಾಗಾನೇ ತನ್ನ ಜಾಗ ಅಂದ್ಕೊಂಡ್ಬಿಡ್ತಿತ್ತು ನನ್ ಪ್ರೋಗ್ರಾಮು. ಬುದ್ಧಿ ಹೇಳಿದೀನಿ. ಇನ್ಮೇಲೆ ನೀವು ದಿನಾ ಧಾರಾಳವಾಗಿ ಕೈಮುಗೀರಿ. ಬೆಳಿಗ್ಗೆ ಅದೇ ಮುಂದೆ ಬಂದು ನಿಲ್ಲುತ್ತೆ."

ಹೊಸ ಸೀಡಿ ಹಾಕಿದೆ. ಅವರು ಮತ್ತೆ ಕಿಟಕಿ ಇಳಿಸಿದರು. ಈ ಸಲ ನಮಸ್ಕಾರ ಸ್ವಲ್ಪ ಉದ್ದವಾಯಿತು. ತುಟಿ ಅಲುಗಿದ್ದು ನಾನೇ ನೋಡಿದೆ. ರೀಸ್ಟಾರ್ಟು. ಐಕಾನು. ನನ್ನ ಕಿಟಕಿ ಪರದೆಯ ನಟ್ಟನಡುವೆ, ಎದೆಯುಬ್ಬಿಸಿ ಬಂದು ನಿಂತಿತು. ಬಾಗಿಲಲ್ಲಿ ಶಿಳ್ಳೆ ಬಿತ್ತು. ಟೆಂಪೋದವನೊಬ್ಬ ಹೋಗಿ ಹಾರನ್ನು ಬಾರಿಸಿದ. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಅವತ್ತಿನಷ್ಟು ಎತ್ತರಕ್ಕೆ ನಾನು ಆಮೇಲೆ ಯಾವ ಕೆಲಸದಲ್ಲೂ ಏರಿಲ್ಲ.

ಅಕ್ಕ ಕುರ್ಚಿಯಲ್ಲಿ ಕೂತು ಚೀಟಿ ಹೊಡೆಯತೊಡಗಿದಳು. ಒಂದೊಂದಾಗಿ ಗಾಡಿಗಳು ಹೊರಟವು. ಕೊನೆಯ ಚೀಟಿ ಹರಿದುಕೊಟ್ಟಾದ ಮೇಲೆ ಹುಳುಮನೆಯಿಂದ ಒಬ್ಬ ಹೆಂಗಸು ಬಂದು, ಹೊಸ ಹುಳುಗಳೆಲ್ಲ ಎದ್ದು ಸೊಪ್ಪಿಗೆ ಕಾಯುತ್ತಿವೆ, ಯಾರ ಕೈಲಿ ಹಾಕಿಸುವುದು ಎಂದು ಯಜಮಾನರನ್ನು ಕೇಳಿದಳು. ಪ್ರತಿ ಸಲ ಅದಕ್ಕೆಂದೇ ಹೇಳಿ ಕರೆಸುತ್ತಿದ್ದ ಹಿರಿಯ ಮುತ್ತೈದೆ ಆಗಲೇ ಬಂದು ಹೊಂಗೆ ಮರದ ಕೆಳಗೆ ಕೂತಿದ್ದರು.

ಯಜಮಾನರು ಆ ಹಿರಿಯಮ್ಮನ ಕಡೆ ನೋಡಿದರು. ಆಮೇಲೆ ಕಂಪ್ಯೂಟರಿನ ಕುರ್ಚಿಯ ಕಡೆ ತಿರುಗಿದರು. ಗಂಟಲು ಸರಿಮಾಡಿಕೊಂಡು, ಅಂಗಳಕ್ಕೆಲ್ಲ ಕೇಳುವಷ್ಟು ಜೋರಾಗಿ ಅಂದರು.

"ಬಾರಮ್ಮ. ಈ ಸಲ ಮೊದಲ್ನೇ ಸೊಪ್ಪು ನೀನೇ ಹಾಕು."

ಅಕ್ಕ ಎದ್ದು ನಿಂತಳು. ನನ್ನ ಕಡೆ ನೋಡಿದಳು. ಎಲ್ಲರೆದುರು ಬೈಸಿಕೊಂಡ ದಿನ ಬಾರದಿದ್ದ ಕಣ್ಣೀರು ಆಗ ಬಂತು.

"ಕೈ ತೊಳ್ಕೊಂಡ್ ಬರ್ತೀನಿ," ಅಂದು ನಲ್ಲಿಯ ಕಡೆಗೆ ಓಡಿದಳು.